ಎಪ್ಪತ್ತು ಕೈಗಳ ಊರಿಗೆ ಹೊರಟವಳಿಗೆ

ಹೋಗಿ ಬಾ ಮಗು, ಖಂಡಿತ ಹೋಗಿ ಬಾ. ಬೇಡ ಅನ್ನುವುದಕ್ಕೆ ನಿನ್ನಮ್ಮನ ಹತ್ತಿರ ಬೇಕಾದಷ್ಟು ಕಾರಣಗಳಿರಬಹುದು, ನನ್ನ ಹತ್ತಿರ ಒಂದೂ ಇಲ್ಲ. ಸರ್ವೀಸಿನಲ್ಲಿದ್ದಷ್ಟು ಕಾಲವೂ ಪಿಂಗಾಣಿ ಸುಡುವ ಗೂಡಿನ ಝಳ ತಿಂದವನು ನಾನು. ಆದರೂ ನೀನು ಹೊರಟಿರುವ, ಚೀನಾದ ಜಿಂಗ್‌ದೆಝೆನ್ ಎಂಬ ಪಿಂಗಾಣಿಯ ಊರನ್ನು ಪುಸ್ತಕದಲ್ಲಿ ಕಂಡಿದ್ದೇನೆಯೇ ಹೊರತು ಕಾಲಿಟ್ಟು ನೋಡಿದವನಲ್ಲ. ಹಾಗಾಗಿ ವೀಸಾ, ಟಿಕೆಟ್ಟು, ಹೋಟೆಲಿನ ವಿಚಾರಕ್ಕೆ ಬಾಯಿ ಹಾಕುವುದಿಲ್ಲ. ಅದೆಲ್ಲ ನಿನ್ನ ಫೋನಿಗೆ ನನಗಿಂತ ಚೆನ್ನಾಗಿ ಗೊತ್ತು. ಮಣ್ಣು, ಬೆಂಕಿಯ ಸಂಗತಿಯಲ್ಲಿ ಮಾತ್ರ ಈ ಮಾವನ ಮಾತು ಸ್ವಲ್ಪ ಕೇಳಿಸಿಕೋ.

ಅಲ್ಲಿಗೆ ಕಲೆ ನೋಡಲು ಹೋಗಬೇಡ, ಕೆಲಸ ನೋಡಲು ಹೋಗು.

ಯಾಕೆ ಅಂದರೆ, ಜೆ.ಪಿ. ನಗರದ ಸ್ಟುಡಿಯೋದಲ್ಲಿ ಶನಿವಾರ, ಭಾನುವಾರ ಕೂತು ಕಲಿತ ಮೇಲೆ ನಿನಗೊಂದು ಹೆಮ್ಮೆ ಬಂದಿದೆ. ಮಣ್ಣು ನಾದಿದವಳೂ ನಾನೇ, ತಿಗರಿಯ ಮೇಲೆ ಎತ್ತಿದವಳೂ ನಾನೇ, ಗ್ಲೇಜ್ ಹಚ್ಚಿದವಳೂ ನಾನೇ ಅನ್ನುತ್ತೀಯ. ತಪ್ಪಿಲ್ಲ. ಬಟ್ಟಲಿನ ಅಡಿಯಲ್ಲಿ ಹೆಸರು ಕೊರೆದುಕೊಳ್ಳುವ ಆಸೆ ಯಾರಿಗಿಲ್ಲ? ಆದರೆ ಆ ಊರು ಬೆಳೆದದ್ದು ಇದಕ್ಕೆ ಪೂರ್ತಿ ವಿರುದ್ಧವಾದ ದಾರಿಯಲ್ಲಿ. 1637ರಲ್ಲಿ ಸಾಂಗ್ ಯಿಂಗ್‌ಷಿಂಗ್ ಎಂಬಾತ ಚೀನಾದ ಕಸುಬುಗಳ ಮೇಲೆ ಬರೆದ ಗ್ರಂಥದಲ್ಲಿ, ಒಂದು ಬಟ್ಟಲು ಸಿದ್ಧವಾಗಲು ಎಪ್ಪತ್ತೆರಡು ಹಂತದ ಕೆಲಸ ಬೇಕು ಅಂತ ಲೆಕ್ಕ ಕೊಡುತ್ತಾನೆ. ಅಲ್ಲೇ ನೆಲೆಸಿದ್ದ ದಾಂತ್ರೆಕೋಲ್ ಎಂಬ ಫ್ರೆಂಚ್ ಪಾದ್ರಿ 1712ರಲ್ಲಿ ತನ್ನ ನಾಡಿಗೆ ಉದ್ದದ ಪತ್ರ ಬರೆದ. ಒಂದು ಪಾತ್ರೆ ಎಪ್ಪತ್ತು ಜನರ ಕೈ ದಾಟಿ ಬರುತ್ತದೆ ಎಂದು ಅವನೂ ಹೇಳಿದ್ದಾನೆ. ಅಂಚಿನ ಕೆಳಗೆ ನೀಲಿ ಗೆರೆ ಎಳೆಯುವವನು ಜೀವನಪೂರ್ತಿ ಗೆರೆ ಎಳೆಯುವವನೇ. ಹೂವಿನ ರೇಖೆ ಬರೆಯುವವನು ಬೇರೆ, ಅದಕ್ಕೆ ಬಣ್ಣ ತುಂಬುವವನು ಬೇರೆ. ಜಗತ್ತಿನ ಅರಮನೆಗಳೆಲ್ಲ ಹಾತೊರೆದ ಆ ಸಾಮಾನಿನ ಮೇಲೆ ಮಾಡಿದವರ ಹೆಸರೇ ಇರುತ್ತಿರಲಿಲ್ಲ. ಇದ್ದರೆ ಯಾವ ಚಕ್ರವರ್ತಿಯ ಕಾಲದ್ದು ಎಂಬ ಮುದ್ರೆ ಅಷ್ಟೇ.

ಇದು ನನಗೆ ಹೊಸದಾಗಿ ಕಾಣಲಿಲ್ಲ. ಮಲ್ಲೇಶ್ವರದಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನ ಎದುರಿಗೆ ನಮ್ಮ ಫ್ಯಾಕ್ಟರಿ ಇತ್ತಲ್ಲ, ಅಲ್ಲೂ ಹೀಗೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ತಂತಿ ಎಳೆದ ಕಡೆಯೆಲ್ಲ ಕಂಬ ಬೇಕು, ಕಂಬಕ್ಕೆಲ್ಲ ಪಿಂಗಾಣಿಯ ಇನ್ಸುಲೇಟರ್ ಬೇಕು. ಎಷ್ಟು ಕಾಲ ಅಂತ ಹೊರಗಿನಿಂದ ತರಿಸುವುದು? ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ದಶಕದಲ್ಲಿ, ಮೈಸೂರು ಸರ್ಕಾರವೇ ಪಿಂಗಾಣಿ ಕಾರ್ಖಾನೆ ತೆರೆಯಿತು. ಆಮೇಲೆ ಅದು ಮೈಸೂರು ಪೋರ್ಸ್‌ಲೇನ್ಸ್ ಆಯಿತು, 1976ರಲ್ಲಿ ಬಿಎಚ್‌ಇಎಲ್ ಸೇರಿತು. ಬಿಳಿ ಜೇಡಿ, ಬೆಣಚು, ಫೆಲ್ಡ್‌ಸ್ಪಾರ್ ಈ ಮೂರರ ಪಾಕ. 1,300 ಡಿಗ್ರಿ ಆಸುಪಾಸಿನ ಬೆಂಕಿ. ಸುಟ್ಟು ತೆಗೆದದ್ದರಲ್ಲಿ ಮಾದರಿ ಚೂರು ಒಡೆದು, ಗುಲಾಬಿ ಬಣ್ಣದ ದ್ರಾವಣದಲ್ಲಿ ಮುಳುಗಿಸಿ, ಒತ್ತಡ ಕೊಟ್ಟು ಇಡುತ್ತಿದ್ದೆವು. ಹೊರಗೆ ತೆಗೆದು ಮತ್ತೆ ಮುರಿದಾಗ ಬಣ್ಣ ಒಳಗಿಳಿದಿದೆ ಅಂತ ಕಂಡರೆ ಆ ಗೂಡಿನ ಸರಕಿನ ಮೇಲೆ ಅನುಮಾನ. ನೀರು ಕುಡಿಯುವ ಪಿಂಗಾಣಿ ಪಿಂಗಾಣಿಯೇ ಅಲ್ಲ. ಬನಶಂಕರಿಯ ನಮ್ಮ ಬೀದಿಯಲ್ಲಿ ಹಳೇ ಕಂಬ ಉಳಿದಿದ್ದರೆ ತಲೆ ಎತ್ತಿ ನೋಡು, ಕಂದು ಬಣ್ಣದ ಬಳೆ ಬಳೆಯಾದ ಆ ಗಟ್ಟಿ ಸಾಮಾನು ನಿನ್ನ ಮಿಂಗ್ ಹೂದಾನಿಗೆ ದಾಯಾದಿಯೇ.

ಹೊರಡುವ ಮುಂಚೆ ಇಲ್ಲಿ ನೋಡಬೇಕಾದ್ದನ್ನು ನೋಡಿಕೋ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿಗೆ ಹೋಗು. ನಮ್ಮ ಗಣೇಶ, ಹಣತೆ, ಮಡಕೆಗಳೆಲ್ಲ ಅಲ್ಲಿಂದಲೇ ಹೊರಟು ಬರುತ್ತವೆ, ಜೆ.ಪಿ. ನಗರದ ಕಡೆಯಿಂದ ಹೊರಡುವ ಮೆಟ್ರೋ ಗುಲಾಬಿ ಮಾರ್ಗದಲ್ಲಿ ಆ ಹೆಸರಿನ ನಿಲ್ದಾಣವನ್ನೇ ಇಟ್ಟಿದ್ದಾರೆ. ಹಬ್ಬದ ಹಿಂದಿನ ವಾರ ಹೋಗಬೇಡ, ಅವರಿಗೆ ಪುರುಸೊತ್ತಿರುವುದಿಲ್ಲ. ಒಂದು ವಾರಾಂತ್ಯ ಹಂಪಿಗೆ ಹೋಗಿ, ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿರುವ ಚೀನೀ ಪಿಂಗಾಣಿಯ ಚೂರುಗಳನ್ನು ನೋಡು. ವಿಜಯನಗರದ ಶ್ರೀಮಂತರ ವಸತಿಯನ್ನು ಅಗೆದಾಗ ಅಂಥ ಚೂರುಗಳು ಸಿಕ್ಕಿವೆ. ಆ ಕಾಲದ ನೀಲಿ-ಬಿಳಿ ಪಿಂಗಾಣಿಯಲ್ಲಿ ದೊಡ್ಡ ಪಾಲು ನೀನು ಹೊರಟಿರುವ ಊರಿನದೇ. ಹಡಗು ಹತ್ತಿ, ಭಟ್ಕಳದಂಥ ರೇವಿನಲ್ಲಿ ಇಳಿದು, ಘಟ್ಟ ಏರಿ ಬಂದ ಸಾಮಾನು. ಚೀನಾದವರು ನಮಗೆ ಹೊಸಬರೇನಲ್ಲ ಅನ್ನುವುದು ತಲೆಯಲ್ಲಿದ್ದರೆ ಅಲ್ಲಿ ನಿನ್ನ ನಡೆ ನುಡಿಯೇ ಬೇರೆಯಾಗುತ್ತದೆ. ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗದವರ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೆ. ಬೆಳಗಾವಿ ದೂರ ಅನ್ನುತ್ತೀಯ. ನೀನು ಹೊರಟಿರುವ ಜಿಯಾಂಗ್ಷಿ ಪ್ರಾಂತ್ಯಕ್ಕಿಂತ ಹತ್ತಿರವೇ.

ಇನ್ನು ಅಲ್ಲಿ ಹೋದ ಮೇಲೆ. ಎಲ್ಲರೂ ಮೊದಲು ಅಂಗಡಿಗೆ ನುಗ್ಗುತ್ತಾರೆ. ನೀನು ಮೊದಲು ಮಣ್ಣಿಗೆ ಹೋಗು. ಊರಿನ ಈಶಾನ್ಯಕ್ಕೆ ಗಾವೋಲಿಂಗ್ ಎಂಬ ಬೆಟ್ಟವಿದೆ. ಜಗತ್ತೆಲ್ಲ ಬಿಳಿ ಜೇಡಿಯನ್ನು ಕೆಯೋಲಿನ್ ಅನ್ನುವುದು ಆ ಬೆಟ್ಟದ ಹೆಸರಿನಿಂದಲೇ. ಆದರೆ ಜೇಡಿ ಒಂದರಿಂದಲೇ ಪಿಂಗಾಣಿ ಆಗುವುದಿಲ್ಲ. ಪಿಂಗಾಣಿ ಕಲ್ಲು ಅಂತ ಇನ್ನೊಂದಿದೆ. ಅದನ್ನು ತೊರೆಯ ನೀರಿನ ಬಲದಲ್ಲಿ ಏಳುವ ಬೀಳುವ ಒನಕೆಗಳಿಂದ ಕುಟ್ಟಿ ಪುಡಿ ಮಾಡಿ, ತೊಳೆದು, ಸೋಸಿ, ಬಿಳಿ ಇಟ್ಟಿಗೆಯಾಗಿ ಒಣಗಿಸುತ್ತಿದ್ದರು. ಜೇಡಿ ಎಲುಬು, ಕಲ್ಲು ಮಾಂಸ ಅನ್ನುವುದು ಅಲ್ಲಿನವರ ಮಾತು: ಕಲ್ಲು ಕರಗಿ ಮೈ ತುಂಬಿಕೊಳ್ಳುತ್ತದೆ, ಜೇಡಿ ಬೆಂಕಿಯಲ್ಲಿ ಕುಸಿಯದಂತೆ ಹಿಡಿದು ನಿಲ್ಲಿಸುತ್ತದೆ. ಸಾನ್‌ಬಾವೋ ಕಣಿವೆಯ ತೊರೆಯಲ್ಲಿ ಅಂಥ ಒನಕೆಗಳನ್ನು ಈಗಲೂ ನೋಡಬಹುದು. ಅಲ್ಲಿ ಕಾಫಿ ಅಂಗಡಿಗಳೂ ಗ್ಯಾಲರಿಗಳೂ ಸಾಲಾಗಿ ಎದ್ದಿವೆಯಂತೆ. ಇರಲಿ ಬಿಡು, ಕಾಫಿ ಜಯನಗರದಲ್ಲೂ ಸಿಗುತ್ತದೆ. ನೀನು ಒನಕೆಯ ಹತ್ತಿರ ನಿಲ್ಲು.

ಆಮೇಲೆ ಯಾವುದಾದರೂ ಒಂದು ಕೆಲಸವನ್ನು ಆರಿಸಿಕೋ. ಒಂದೇ ಒಂದು. ನನ್ನನ್ನು ಕೇಳಿದರೆ ಹೆರೆಯುವ ಕೆಲಸ. ತಿಗರಿಯ ಮೇಲೆ ಮಣ್ಣು ಎತ್ತುವುದನ್ನು ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ವಿಡಿಯೋ ಮಾಡುತ್ತಾರೆ. ಅಲ್ಲಿ ಎತ್ತುವವನು ದಪ್ಪಗೇ ಎತ್ತಿ ಬಿಡುತ್ತಾನೆ. ಅದನ್ನು ಚೆನ್ನಾಗಿ ಒಣಗಿಸಿದ ಮೇಲೆ ಹೆರೆಯುವವನು ಕಬ್ಬಿಣದ ಅಲಗು ಹಿಡಿದು, ಬೆರಳಿನಿಂದ ತಟ್ಟಿ ಸದ್ದು ಕೇಳಿ ಗೋಡೆಯ ದಪ್ಪ ಅಂದಾಜು ಮಾಡುತ್ತಾ, ಬೆಳಕು ಹಾಯುವಷ್ಟು ತೆಳ್ಳಗೆ ಮಾಡುವುದೇ ನಿಜವಾದ ಕೈಚಳಕ. ಇನ್ನೊಂದು ಸಂಗತಿ ನೋಡಿಕೋ: ಬಟ್ಟಲಿನ ಅಡಿಯನ್ನು ಕೊನೆಯವರೆಗೂ ಗಟ್ಟಿ ಮುದ್ದೆಯಾಗಿಯೇ ಬಿಟ್ಟಿರುತ್ತಾರೆ. ಚಿತ್ರ ಬರೆಯುವವನಿಗೂ ಗ್ಲೇಜ್‌ನಲ್ಲಿ ಅದ್ದುವವನಿಗೂ ಅದೇ ಹಿಡಿಕೆ. ಎಲ್ಲ ಮುಗಿದ ಮೇಲೆ, ಸುಡುವ ಮುಂಚೆ, ಆ ಮುದ್ದೆಯನ್ನು ಕೊರೆದು ಪಾದ ಮಾಡುತ್ತಾರೆ. ಒಬ್ಬನು ತನ್ನ ಕೆಲಸ ಮಾಡುವಾಗಲೇ ಮುಂದಿನವನಿಗೆ ಎಲ್ಲಿ ಹಿಡಿಯಬೇಕು ಅಂತ ಯೋಚನೆ ಮಾಡಿ ಬಿಟ್ಟಿರುತ್ತಾನೆ ನೋಡು. ನೀನು ಎಲ್ಲವನ್ನೂ ಒಬ್ಬಳೇ ಮಾಡುವಾಗ ಈ ಯೋಚನೆ ಬರಲು ಜಾಗವೇ ಇಲ್ಲ.

ಒಂದು ಗಂಟೆಯಲ್ಲಿ ಬಟ್ಟಲು ಮಾಡಿಸಿ, ಫೋಟೋ ತೆಗೆದು ಕಳಿಸುವ ಅನುಭವ ತರಗತಿಗಳು ಅಲ್ಲೂ ಇವೆ. ಅದಕ್ಕೆ ದುಡ್ಡು ಹಾಕಬೇಡ, ಅದನ್ನು ನೀನು ಬಿಟಿಎಂ ಲೇಔಟಿನಿಂದ ನಡೆದುಕೊಂಡು ಹೋಗಿಯೇ ಮಾಡಬಹುದು. ಬದಲಿಗೆ ಆ ಊರಿನ ಹಳೆಯ ಶಿಲ್ಪ ಕಾರ್ಖಾನೆಯ ಓಣಿಗಳಲ್ಲಿ ಓಡಾಡು. ಒಬ್ಬ ಅಚ್ಚು ಮಾತ್ರ ಮಾಡುತ್ತಾನೆ, ಪಕ್ಕದವನು ಕುಂಚ ಮಾರುತ್ತಾನೆ, ಎದುರಿನವನು ಬೇರೆಯವರ ಸಾಮಾನು ಸುಟ್ಟು ಕೊಟ್ಟು ಜಾಗದ ಬಾಡಿಗೆ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಾನೆ. ಹಸಿ ಬಟ್ಟಲುಗಳನ್ನು ಉದ್ದದ ಹಲಗೆಯ ಮೇಲೆ ಜೋಡಿಸಿ ಹೆಗಲ ಮೇಲಿಟ್ಟುಕೊಂಡು ಯಾರಾದರೂ ಬಂದರೆ ಗೋಡೆಗೆ ಅಂಟಿ ನಿಂತು ದಾರಿ ಬಿಡು. ಫೋನು ಎತ್ತುವುದು ಆಮೇಲೆ. ಬಾಗಿಲಲ್ಲಿ ಸುಮ್ಮನೆ ನಿಂತು ನೋಡಿದರೆ ಬೇಡ ಅನ್ನುವ ಕಸುಬುದಾರರು ಯಾವ ಊರಿನಲ್ಲೂ ಕಡಿಮೆ, ನಡುವೆ ಪ್ರಶ್ನೆ ಕೇಳಿದರೆ ಮಾತ್ರ ರೇಗುತ್ತಾರೆ.

ತಾವೋಷಿಚುವಾನ್ ಅನ್ನುವ ಕಡೆ ಹಳೆಯ ಸರ್ಕಾರಿ ಪಿಂಗಾಣಿ ಕಾರ್ಖಾನೆಯನ್ನು ಅಂಗಡಿ, ಗ್ಯಾಲರಿಗಳ ಬಡಾವಣೆ ಮಾಡಿದ್ದಾರೆ. 2016ರಲ್ಲಿ ತೆರೆದದ್ದು, ಚಿಮಣಿಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ, ಸಂಜೆ ಬೆಳಕಿನಲ್ಲಿ ತುಂಬ ಚೆನ್ನಾಗಿ ಕಾಣುತ್ತದಂತೆ. ಊರಿನಲ್ಲಿ ಅಂಥ ಹತ್ತು ದೊಡ್ಡ ಸರ್ಕಾರಿ ಕಾರ್ಖಾನೆಗಳಿದ್ದವು. 1990ರ ದಶಕದಲ್ಲಿ ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಎಷ್ಟೋ ಮಂದಿ ಮನೆಯ ಮುಂದೆಯೇ ಸಣ್ಣ ಕಾರ್ಯಾಗಾರ ಹಾಕಿಕೊಂಡು ಕಸುಬು ಉಳಿಸಿದರು. ಚಿಮಣಿಯ ಕೆಳಗೆ ಫೋಟೋ ತೆಗೆಸಿಕೋ, ಬೇಡ ಅನ್ನಲಾರೆ. ಪಾಳಿ ಮುಗಿಸಿ ಬಂದವನಿಗೆ ಚಿಮಣಿ ಬೇರೆ ಥರ ಕಾಣುತ್ತದೆ ಅಷ್ಟೇ.

ಅರಮನೆಯ ಗೂಡುಗಳಿದ್ದ ಜಾಗದಲ್ಲಿ ಇಟ್ಟಿಗೆಯ ಕಮಾನುಗಳ ಹೊಸ ವಸ್ತುಸಂಗ್ರಹಾಲಯವಿದೆ, ಝೂ ಪೇ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು, 2020ರಲ್ಲಿ ತೆರೆಯಿತು. ಅಲ್ಲಿ ಅರ್ಧ ದಿನವಾದರೂ ಇರು. ಮಿಂಗ್ ಚಕ್ರವರ್ತಿಗಳ ಕಾಲದಲ್ಲಿ ಅರಮನೆಗೆ ಒಪ್ಪಿಗೆಯಾಗದ ಪಾತ್ರೆಯನ್ನು ಬೇರೆ ಯಾರೂ ಬಳಸುವ ಹಾಗಿರಲಿಲ್ಲ; ಒಡೆದು ಹೂಳಬೇಕು. ಆ ಗುಂಡಿಗಳನ್ನು ಪುರಾತತ್ವದವರು ತೆರೆದು, ಚೂರಿಗೆ ಚೂರು ಹೊಂದಿಸಿ ಅಂಟಿಸಿ ಇಟ್ಟಿದ್ದಾರೆ. ಪಾಸಾದದ್ದು ಬೀಜಿಂಗಿನಲ್ಲಿದೆ, ಫೇಲಾದದ್ದು ಇಲ್ಲಿದೆ. ಪರೀಕ್ಷಾ ವಿಭಾಗದಲ್ಲಿ ಇದ್ದವನಾಗಿ ಹೇಳುತ್ತೇನೆ, ಕಸುಬು ಕಲಿಯಬೇಕಾದರೆ ಫೇಲಾದದ್ದನ್ನೇ ನೋಡಬೇಕು. ಎಲ್ಲಿ ಬಾಗಿತು, ಎಲ್ಲಿ ನೀಲಿ ಹರಡಿತು, ಎಲ್ಲಿ ಗ್ಲೇಜ್ ಹರಿದು ನಿಂತಿತು ಅಂತ ಹುಡುಕು.

ಅಲ್ಲೇ ಬೆಂಕಿದೇವರ ಗುಡಿಯೊಂದಿದೆ. ವಾನ್ಲಿ ಚಕ್ರವರ್ತಿಯ ಕಾಲದಲ್ಲಿ ಅರಮನೆಯ ಅಧಿಕಾರಿಯೊಬ್ಬ ಭಾರಿ ಗಾತ್ರದ ಡ್ರ್ಯಾಗನ್ ತೊಟ್ಟಿಗಳು ಬೇಕೇ ಬೇಕು ಅಂತ ಪಟ್ಟು ಹಿಡಿದು, ಆಗದಿದ್ದಾಗ ಕೆಲಸಗಾರರನ್ನು ಹೊಡೆಸುತ್ತಿದ್ದ. ತೋಂಗ್ ಬಿನ್ ಎಂಬ ಕಸುಬುದಾರ ಉರಿಯುವ ಗೂಡಿಗೆ ಹಾರಿದ, ಆ ಸಲ ತೊಟ್ಟಿ ಸರಿಯಾಗಿ ಬಂತು ಅನ್ನುತ್ತದೆ ಕತೆ. ಜೀವ ಹೋದ ಮೇಲೆ ದೇವರು ಮಾಡಿದರು. ಈ ಕತೆಯನ್ನು ತ್ಯಾಗದ ಕತೆ ಅಂತ ಯಾರಾದರೂ ಹೇಳಿದರೆ ತಲೆ ಆಡಿಸಿ ಸುಮ್ಮನಿರು. ನನಗಂತೂ ಇದು ಆಗದ ಕೆಲಸವನ್ನು ಹೇರಿದವರ ಕತೆಯಾಗಿಯೇ ಕೇಳಿಸುತ್ತದೆ.

ಕೊಳ್ಳುವ ವಿಚಾರ. ಸೋಮವಾರ ಬೆಳಗಿನ ಜಾವ ಟಾರ್ಚು ಹಿಡಿದು ಹಳೇ ಚೂರು, ಹಳೇ ಬಟ್ಟಲು ಮಾರುವ ಸಂತೆ ಸೇರುತ್ತದೆ, ದೆವ್ವದ ಸಂತೆ ಅಂತಲೇ ಕರೆಯುತ್ತಾರೆ. ನೋಡಿ ಬಾ, ಕೊಳ್ಳಬೇಡ. 1911ಕ್ಕಿಂತ ಹಿಂದಿನ ಪುರಾತನ ವಸ್ತುಗಳನ್ನು ಹೊರಗೆ ಒಯ್ಯಲು ಚೀನಾದ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಅಂದರೆ ನೀನು ಕೊಂಡ ಮಿಂಗ್ ಚೂರು ಅಸಲಿಯಾದರೆ ವಿಮಾನ ನಿಲ್ದಾಣದಲ್ಲಿ ಪೇಚು, ನಕಲಿಯಾದರೆ ದುಡ್ಡು ದಂಡ. ಮಿಂಗ್ ಚಕ್ರವರ್ತಿ ಚೆಂಗ್‌ಹ್ವಾನ ಕಾಲದ, ಕೋಳಿ ಚಿತ್ರದ ಒಂದು ಪುಟ್ಟ ಬಟ್ಟಲು 2014ರಲ್ಲಿ ಹಾಂಗ್‌ಕಾಂಗಿನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹರಾಜಾಯಿತು. ಕೊಂಡವನು ಅದರಲ್ಲಿ ಚಹಾ ಕುಡಿದು ಊರಿಗೆಲ್ಲ ಸುದ್ದಿಯಾದ. ಅದರ ನಕಲು ಆ ಊರಿನ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ನಕಲು ಅಂತ ಹೇಳಿಯೇ ಮಾರುವವನ ಹತ್ತಿರ ಕೊಂಡುಕೋ, ಅದರಲ್ಲಿ ನಾಚಿಕೆಯೇನಿಲ್ಲ. ಹೊಸ ಹುಡುಗ ಹುಡುಗಿಯರು ಶನಿವಾರ ತಾವು ಮಾಡಿದ್ದನ್ನು ತಾವೇ ಮಾರುವ ಸಂತೆಯೂ ಇದೆ, ಅಲ್ಲಿ ಕೊಂಡರೆ ಇನ್ನೂ ಸಂತೋಷ. ಯಾವುದನ್ನೇ ತೆಗೆದುಕೊಂಡರೂ ಬುಡ ತಿರುಗಿಸಿ, ಗ್ಲೇಜ್ ಇಲ್ಲದ ಪಾದದ ಉಂಗುರಕ್ಕೆ ಒದ್ದೆ ಬೆರಳು ತಾಗಿಸು. ತೇವ ಹೀರಿಕೊಂಡರೆ ವಾಪಸ್ಸು ಇಡು.

ಬಾಯಿ ಹಾಕುವುದಿಲ್ಲ ಅಂದೆ, ಆದರೂ ಎರಡು ಮಾತು ಹೇಳಿಬಿಡುತ್ತೇನೆ. ಅಕ್ಟೋಬರ್ ಮೊದಲ ವಾರ ಅವರ ರಾಷ್ಟ್ರೀಯ ರಜೆ, ದೇಶಕ್ಕೆ ದೇಶವೇ ರೈಲಿನಲ್ಲಿರುತ್ತದೆ. ಅದು ಮುಗಿದ ಮೇಲೆ ಹೋಗು. ಅದೇ ತಿಂಗಳ ಮಧ್ಯಕ್ಕೆ ಪಿಂಗಾಣಿ ಮೇಳವೂ ನಡೆಯುತ್ತದೆ, ಮಳೆಯೂ ಸೆಕೆಯೂ ಇಳಿದಿರುತ್ತವೆ. ನಿನ್ನ ಗೂಗಲ್ಲು, ವಾಟ್ಸಾಪು ಅಲ್ಲಿ ಸುಲಭಕ್ಕೆ ನಡೆಯುವುದಿಲ್ಲ. ದುಡ್ಡು ಕೊಡುವುದಕ್ಕೆ ಅಲಿಪೇ ಇಲ್ಲಿಂದಲೇ ಕಾರ್ಡಿಗೆ ಜೋಡಿಸಿಕೊಂಡು ಹೋಗು. ಜಿಯಾಂಗ್ಷಿ ಅಡುಗೆ ಆಂಧ್ರದವರನ್ನೂ ಬೆವರಿಸುವಷ್ಟು ಖಾರ. ಖಾರಕ್ಕೆ ನೀನು ಹೆದರುವವಳಲ್ಲ, ಹಂದಿ ಕೊಬ್ಬಿಗೆ ಹೆದರಬೇಕು: ತರಕಾರಿ ಅಂದುಕೊಂಡದ್ದನ್ನೂ ಅದರಲ್ಲೇ ಹುರಿದಿರುತ್ತಾರೆ. 'ವೋ ಛ್ರ್ ಸೂ' ಅನ್ನುವುದನ್ನು ಬಾಯಿಪಾಠ ಮಾಡಿಕೋ, ನಾನು ಸಸ್ಯಾಹಾರಿ ಅಂತ. ಚೀನೀ ಅಕ್ಷರದಲ್ಲಿ ಬರೆಸಿದ ಚೀಟಿಯೂ ಪರ್ಸಿನಲ್ಲಿರಲಿ. ಬೌದ್ಧ ದೇವಾಲಯದ ಅಡುಗೆ ಸಿಕ್ಕಿದರೆ ಬಿಡಬೇಡ, ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಈ ಸುದ್ದಿ ಕೇಳಿದರೆ ನಿನ್ನಜ್ಜಿಗೆ ಅರ್ಧ ಚಿಂತೆ ಇಳಿಯುತ್ತದೆ. ಉಳಿದರ್ಧಕ್ಕೆ ನಿಮ್ಮತ್ತೆ ಚಟ್ನಿಪುಡಿ, ಅವಲಕ್ಕಿ ಕಟ್ಟಿ ಕೊಡುತ್ತಾಳೆ. ಹೊರಡುವುದಕ್ಕೆ ಒಂದು ವಾರ ಮುಂಚೆ ಫೋನು ಮಾಡಿ ಹೇಳು, ಕೊನೇ ಗಳಿಗೆಯಲ್ಲಿ ಹೇಳಿದರೆ ಕೊಬ್ಬರಿ ಹುರಿಯಲು ಅವಳಿಗೆ ಹೊತ್ತು ಸಿಗುವುದಿಲ್ಲ.