ಸಿಟ್ಟು ಬಂದಾಗಲೂ ಪ್ರೀತಿಯಿಂದ ಉತ್ತರಿಸಲು ಆಗುತ್ತದೆಯೇ?

ಪ್ರಶ್ನೆ: ನಾನು ಕ್ರೈಸ್ತಳು, ಬೆನ್ಸನ್ ಟೌನ್‌ನಲ್ಲಿ ವಾಸ. ಪಕ್ಕದ ಮನೆಯವರು ದಿನಾ ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಾರೆ, ಕೇಳಿದರೆ ಜಗಳಕ್ಕೆ ಬರುತ್ತಾರೆ. ನೆರೆಯವರನ್ನು ಪ್ರೀತಿಸಬೇಕೆಂದು ಭಾನುವಾರ ಪ್ರಸಂಗದಲ್ಲಿ ಕೇಳುತ್ತೇನೆ, ಸೋಮವಾರ ಅವರ ಮುಖ ಕಂಡರೆ ಮೈ ಉರಿಯುತ್ತದೆ. ಮನಸ್ಸಿನಲ್ಲಿ ಪ್ರೀತಿ ಇಲ್ಲದೆ ನಗುತ್ತಾ ಮಾತಾಡುವುದು ಕಪಟವಲ್ಲವೇ? ಎಲ್ಲವನ್ನೂ ಸಹಿಸಿಕೊಂಡು ಸುಮ್ಮನಿರಬೇಕೇ? ಅವರು ನಮ್ಮ ಧರ್ಮದವರೂ ಅಲ್ಲ.

ಉತ್ತರ: ಇಂಥ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರೆ ತಮ್ಮ ವಿಶ್ವಾಸವೇ ಕಡಿಮೆ ಎಂದು ಸಭೆಯವರು ತಿಳಿದಾರು ಎಂಬ ಅಳುಕು ಹಲವರಿಗಿದೆ. ನಿಮಗೆ ಆ ಅಳುಕು ಬೇಡ. ನಿಮ್ಮ ಪತ್ರದಲ್ಲಿ ಮೂರು ಸಂದೇಹಗಳು ಕೂಡಿಕೊಂಡಿವೆ. ಕೊನೆಯದಕ್ಕೆ ಉತ್ತರ ಸುಲಭ, ಅಲ್ಲಿಂದಲೇ ತೊಡಗೋಣ.

ನೆರೆಯವನು ಯಾರು ಎಂದು ಯೇಸುವನ್ನು ನೇರವಾಗಿಯೇ ಕೇಳಿದವನೊಬ್ಬನಿದ್ದ. ಅದಕ್ಕೆ ಉತ್ತರವಾಗಿ ಬಂದದ್ದೇ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿರುವ ಸಮಾರ್ಯದವನ ಕಥೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಮಾತುಕತೆ ಕೂಡ ಅಷ್ಟಕ್ಕಷ್ಟೇ ಇದ್ದ ಕಾಲ ಅದು. ಹಾಗಿದ್ದರೂ, ಸ್ವಂತ ಜನರು ದಾಟಿಹೋದ ಗಾಯಾಳುವಿಗೆ ನೆರೆಯವನಾದವನು ಸಮಾರ್ಯದವನೇ. ಆದ್ದರಿಂದ ಧರ್ಮ ಬೇರೆ ಎಂಬುದು ಇಲ್ಲಿ ವಿನಾಯಿತಿ ಆಗುವುದಿಲ್ಲ. ನಿಮ್ಮ ಬಡಾವಣೆಯಲ್ಲಂತೂ ಈ ಮಾತನ್ನು ಮರೆಯುವುದು ಕಷ್ಟ. ಮಹಾಧರ್ಮಾಧ್ಯಕ್ಷರ ನಿವಾಸ, ಹಲವು ಮಿಷನ್‌ಗಳು ಕೂಡಿ 1910ರಲ್ಲಿ ಆರಂಭಿಸಿದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಹಬ್ಬದ ನಮಾಜಿಗೆ ಜನ ಕಿಕ್ಕಿರಿಯುವ ಖುದ್ದೂಸ್ ಸಾಹೇಬ್ ಈದ್ಗಾ ಮೈದಾನ, ಮೂರೂ ಇರುವುದು ಮಿಲ್ಲರ್ಸ್ ರಸ್ತೆಯಲ್ಲೇ. ಅಲ್ಲಿ ವಾಸಿಸುವ ಕ್ರೈಸ್ತರು ನೆರೆಯವರೆಂದರೆ ಯಾರು ಎಂದು ಹುಡುಕಿಕೊಂಡು ಹೋಗಬೇಕಿಲ್ಲ.

ಇನ್ನು ಕಪಟದ ಪ್ರಶ್ನೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸೋಣ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೇ ಅಧ್ಯಾಯವನ್ನು ನೀವು ಎಷ್ಟೋ ಮದುವೆಗಳಲ್ಲಿ ಕೇಳಿರುತ್ತೀರಿ. ಹೂವು, ವಾದ್ಯ, ಹೊಸ ಬಟ್ಟೆಗಳ ನಡುವೆ ಓದುವುದರಿಂದ ಅದು ಮಧುರ ಭಾವನೆಯ ವರ್ಣನೆ ಎಂದು ನಮಗೆ ಅನಿಸಿಬಿಟ್ಟಿದೆ. ಆದರೆ ಆ ಪತ್ರಿಕೆಯನ್ನು ಮೊದಲಿನಿಂದ ಓದಿ ನೋಡಿ. ಕೊರಿಂಥದ ಸಭೆ ಬಣಗಳಾಗಿ ಒಡೆದಿತ್ತು. ಸಭೆಯವರೇ ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುತ್ತಿದ್ದರು. ಪ್ರಭು ಭೋಜನಕ್ಕೆ ಕೂಡಿದಾಗ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಬಡವರು ಹಸಿದು ಕೂರುತ್ತಿದ್ದರು. ಪೌಲನು ಪ್ರೀತಿಯ ಬಗ್ಗೆ ಬರೆದದ್ದು ಆ ಜನರಿಗೆ. ಅವನ ಪಟ್ಟಿಯಲ್ಲಿ ಹೆಚ್ಚಿನವು ಮಾಡುವ ಅಥವಾ ಮಾಡದಿರುವ ಕೆಲಸಗಳು: ತಾಳಿಕೊಳ್ಳುವುದು, ದಯೆ ತೋರಿಸುವುದು, ಜಂಬ ಕೊಚ್ಚದಿರುವುದು, ಒರಟಾಗಿ ನಡೆಯದಿರುವುದು, ಆದ ಕೇಡಿನ ಲೆಕ್ಕ ಇಟ್ಟುಕೊಳ್ಳದಿರುವುದು. ಎದೆಯಲ್ಲಿ ಅಕ್ಕರೆ ಉಕ್ಕುವವರೆಗೆ ಕಾಯಿರಿ ಎಂದು ಅವನು ಎಲ್ಲೂ ಹೇಳುವುದಿಲ್ಲ.

ಸಮಾರ್ಯದವನಿಗೆ ಕನಿಕರ ಹುಟ್ಟಿತು ನಿಜ. ಆದರೆ ಕಥೆ ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತದೆ. ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ್ದು, ತನ್ನ ವಾಹನಪಶುವಿನ ಮೇಲೆ ಹತ್ತಿಸಿಕೊಂಡು ಛತ್ರಕ್ಕೆ ಕರೆತಂದದ್ದು, ಮರುದಿನ ಛತ್ರದವನಿಗೆ ಎರಡು ನಾಣ್ಯ ಕೊಟ್ಟು ಒಪ್ಪಿಸಿದ್ದು, ಇವನ್ನೆಲ್ಲ ಬಿಡಿಸಿ ಹೇಳುತ್ತದೆ. ಇನ್ನೊಂದನ್ನೂ ಗಮನಿಸಿ. ಅವನು ತನ್ನ ಪ್ರಯಾಣವನ್ನು ಕೈಬಿಡಲಿಲ್ಲ. ಆಗಬೇಕಾದ್ದನ್ನು ಮಾಡಿ, ಉಳಿದದ್ದನ್ನು ಇನ್ನೊಬ್ಬರಿಗೆ ವಹಿಸಿ ಹೊರಟ. ಪ್ರೀತಿಗೆ ಅಳತೆ ಇರಬಾರದು ಎಂದು ತಿಳಿದು ಮನೆಯ, ಸಭೆಯ ಭಾರವನ್ನೆಲ್ಲ ಒಬ್ಬರೇ ಹೊತ್ತು ಬಳಲುವವರು, ಅದರಲ್ಲೂ ಹೆಣ್ಣುಮಕ್ಕಳು, ಈ ಭಾಗವನ್ನು ಮತ್ತೆ ಓದಬೇಕು ಎಂದು ನನಗೆ ಅನಿಸುತ್ತದೆ.

ಪ್ರೀತಿ ಭಾವನೆಗಿಂತ ಹೆಚ್ಚಾಗಿ ನಡತೆಯಾದ್ದರಿಂದ, ಸಿಟ್ಟಿದ್ದಾಗಲೂ ನೀವು ಮರ್ಯಾದೆಯಿಂದ ಮಾತಾಡಿದರೆ ಅದು ಕಪಟವಲ್ಲ. ಎದುರಿಗೆ ನಕ್ಕು ಹಿಂದೆ ಅವರ ಹೆಸರು ಕೆಡಿಸಿದರೆ ಅದು ಕಪಟ. ಸಿಟ್ಟು ಹುಟ್ಟುವುದು ನಿಮ್ಮ ಕೈಯಲ್ಲಿಲ್ಲ. ಹುಟ್ಟಿದ ಮೇಲೆ ಬಾಯಿಂದ ಏನು ಬರಬೇಕು ಎಂಬುದು ಬಹುಮಟ್ಟಿಗೆ ಇದೆ. ಕಿವಿಗೊಡುವುದರಲ್ಲಿ ಆತುರ, ಮಾತಾಡುವುದರಲ್ಲಿ ನಿಧಾನ ಇರಲಿ ಎಂದು ಯಾಕೋಬನ ಪತ್ರಿಕೆ ಹೇಳುವುದು ಈ ನಡುವಿನ ಒಂದೆರಡು ಗಳಿಗೆಯ ಬಗ್ಗೆಯೇ.

ಈಗ ಸಹಿಸಿಕೊಂಡು ಸುಮ್ಮನಿರುವ ವಿಷಯ. ಇಲ್ಲಿ ಗೊಂದಲ ಸಹಜ. ಒಂದು ಕೆನ್ನೆಗೆ ಹೊಡೆದವನಿಗೆ ಮತ್ತೊಂದನ್ನು ತೋರಿಸಬೇಕೆಂಬ ಬೋಧನೆ ಎಲ್ಲರಿಗೂ ಗೊತ್ತು. ಆದರೆ ಬೋಧಿಸಿದವನ ಕೆನ್ನೆಗೇ ಏಟು ಬಿದ್ದಾಗ ಆತ ಏನು ಮಾಡಿದ? ಯೋಹಾನನ ಸುವಾರ್ತೆಯ 18ನೇ ಅಧ್ಯಾಯ ನೋಡಿ. ವಿಚಾರಣೆಯ ವೇಳೆ ಓಲೇಕಾರನೊಬ್ಬ ಹೊಡೆದಾಗ ಯೇಸು ತಿರುಗಿ ಹೊಡೆಯಲಿಲ್ಲ, ಬೈಯಲಿಲ್ಲ. ಹಾಗೆಂದು ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ನನ್ನ ಮಾತು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಏಕೆ ಹೊಡೆದೆ ಎಂಬ ಅರ್ಥದಲ್ಲಿ ನೇರವಾಗಿ ಪ್ರಶ್ನಿಸಿದ. ಸೇಡು ಬಿಡಬೇಕು, ಸತ್ಯ ಬಿಡಬೇಕಿಲ್ಲ.

ಕ್ಷಮೆಗೂ ನ್ಯಾಯಕ್ಕೂ ಇರುವ ಅಂತರ ತಿಳಿಯಲು ನಮ್ಮ ದೇಶದ್ದೇ ಉದಾಹರಣೆ ಇದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಜೀವಂತ ಸುಟ್ಟರು. ಪತ್ನಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಮೊಕದ್ದಮೆಯೂ ನಡೆಯಿತು, 2003ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು. ಅವರ ಕ್ಷಮೆ ಕಾನೂನಿಗೆ ಅಡ್ಡ ಬರಲಿಲ್ಲ, ಕಾನೂನು ಅವರ ಕ್ಷಮೆಯನ್ನು ಸುಳ್ಳು ಮಾಡಲಿಲ್ಲ. ಆದ್ದರಿಂದಲೇ ಮನೆಯೊಳಗೆ ಹೊಡೆತ ತಿನ್ನುವ ಹೆಂಗಸಿಗೆ ಪ್ರೀತಿಯ ಹೆಸರಿನಲ್ಲಿ ಸಹಿಸಿಕೋ ಎಂದು ಯಾರೂ ಹೇಳಬಾರದು. ಆಕೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು.

ನಿಮ್ಮ ಗೇಟಿನ ವಿಷಯ ಅಷ್ಟು ದೊಡ್ಡದಲ್ಲ, ಆದರೆ ದಾರಿ ಅದೇ. ತಪ್ಪು ಮಾಡಿದವನನ್ನು ಮೊದಲು ಒಬ್ಬನೇ ಇರುವಾಗ ಕಂಡು ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು ಎಂಬ ಕ್ರಮ ಮತ್ತಾಯನ 18ನೇ ಅಧ್ಯಾಯದಲ್ಲಿದೆ. ಅದು ಸಭೆಯವರಿಗೆ ಹೇಳಿದ್ದು, ಬೀದಿಗೂ ಒಗ್ಗುತ್ತದೆ. ಆಫೀಸಿಗೆ ಹೊರಡುವ ಅವಸರದಲ್ಲಿ, ಹತ್ತು ಜನರ ಎದುರು ಕೇಳಬೇಡಿ. ಸಂಜೆ ಬಿಡುವಾಗಿ ಹೋಗಿ, ನಿಮಗಾಗುವ ತೊಂದರೆ ಏನೆಂದು ಹೇಳಿ, ಅವರಿಗೆ ಬೇರೆ ಜಾಗ ಇದೆಯೇ ಎಂದೂ ವಿಚಾರಿಸಿ. ಫಲ ಸಿಗದಿದ್ದರೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಆಗಲೂ ಬದಲಾಗದಿದ್ದರೆ ಸಂಚಾರ ಪೊಲೀಸರಿಗೆ ದೂರು ಕೊಡಿ. ಅದರಿಂದ ಪ್ರೀತಿಗೆ ಕುಂದಿಲ್ಲ. ನಿಮ್ಮಿಂದ ಆಗುವಷ್ಟರ ಮಟ್ಟಿಗೆ ಸಮಾಧಾನದಿಂದಿರಿ ಎಂದೇ ಪೌಲನು ರೋಮಾಪುರದವರಿಗೆ ಬರೆದ. ದೂರು ಕೊಟ್ಟ ಮರುದಿನವೂ ಅವರ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೆಂದು ತಿಳಿದರೆ ಹೋಗಿ ವಿಚಾರಿಸಿಕೊಂಡು ಬನ್ನಿ.