ಅಕ್ಕನನ್ನು ಸಮುದ್ರದ ಮೇಲೆಯೇ ಕರೆದುಕೊಂಡು ಹೋಗು

ಮೂಡಿಗೆರೆ

ಚಿ. ಅನಘಳಿಗೆ,

ಮೇ ತಿಂಗಳಲ್ಲಿ ಅಕ್ಕ, ಭಾವ ಮಿಲಾನಿಗೆ ಬರುತ್ತಾರೆ, ಅವರನ್ನು ಅಮಾಲ್ಫಿಗೆ ಕರೆದುಕೊಂಡು ಹೋಗುತ್ತೀಯ ಎಂದು ಕೇಳಿ ನನಗೂ ನಿನ್ನ ಅತ್ತೆಗೂ ತುಂಬ ಸಂತೋಷವಾಯಿತು. ನೀನು ಕಳಿಸಿದ ಪಟ್ಟಿ ನೋಡಿದೆ. ನೇಪಲ್ಸ್‌ವರೆಗೆ ವಿಮಾನ, ಮುಂದಕ್ಕೆ ಬಾಡಿಗೆ ಕಾರು. ಇಲ್ಲವೇ ನೇಪಲ್ಸ್‌ನಿಂದ ಸೊರೆಂಟೊಗೆ ಲೋಕಲ್ ರೈಲು, ಅಲ್ಲಿಂದ ಬಸ್ಸು. ಅದೂ ಬೇಡವಾದರೆ ಸಲೆರ್ನೊವರೆಗೆ ರೈಲು, ಆಮೇಲೆ ಬೋಟು. ಮೂರಕ್ಕೂ ಎಷ್ಟು ಹೊತ್ತು, ಎಷ್ಟು ಯೂರೋ ಎಂದು ಅಚ್ಚುಕಟ್ಟಾಗಿ ಬರೆದಿದ್ದೀಯ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕು ಪುಟ್ಟಿ: ಅಮ್ಮನ ಮಂಡಿ, ಅಮ್ಮನ ಹೊಟ್ಟೆ. ಚಾರ್ಮಾಡಿ ಘಾಟಿ ಇಳಿಯುವಷ್ಟರಲ್ಲಿ ಅಕ್ಕನ ಪಾಡೇನಾಗುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಮೊದಲು ಕಾರಿನ ಮಾತು, ಏಕೆಂದರೆ ನಿನ್ನ ಮನಸ್ಸು ಅದರ ಕಡೆಗೇ ಇದೆ ಎಂದು ಗೊತ್ತಾಯಿತು. ಅದನ್ನು ಬಿಟ್ಟುಬಿಡು. ಇಟಲಿಯಲ್ಲಿ ನಿವಾಸಿಯಾಗಿ ಹೆಸರು ನೋಂದಾಯಿಸಿ ಒಂದು ವರ್ಷ ಕಳೆದ ಮೇಲೆ ನಮ್ಮ ದೇಶದ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ; ಅಂತರರಾಷ್ಟ್ರೀಯ ಪರ್ಮಿಟ್ ಜೊತೆಗಿದ್ದರೂ ಅಷ್ಟೆ. ನಿನಗೆ ವರ್ಷ ತುಂಬಿದೆಯೋ ಇಲ್ಲವೋ ಲೆಕ್ಕ ಹಾಕಿಕೋ. ತುಂಬಿಲ್ಲದಿದ್ದರೂ ಬೇಡ ಎಂದೇ ನನ್ನ ಮಾತು. ಅಮಾಲ್ಫಿ ಕರಾವಳಿಯ ರಸ್ತೆಯಲ್ಲಿ 2022ರಿಂದ ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ವಾಹನ ಬಿಡುವ ಸಮ-ಬೆಸ ನಿಯಮವಿದೆ. ಜನ ಹೆಚ್ಚು ಬರುವ ದಿನಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಅದು ಜಾರಿಯಲ್ಲಿರುತ್ತದೆ, ಬಾಡಿಗೆ ಕಾರಿಗೂ ವಿನಾಯಿತಿ ಇಲ್ಲ. ಕಾರು ನಿಲ್ಲಿಸಲು ಜಾಗ ಕಡಿಮೆ, ಸಿಕ್ಕರೂ ಗಂಟೆಯ ಲೆಕ್ಕದಲ್ಲಿ ಹಣ ಸುರಿಯಬೇಕು. ಇಟಲಿಯ ಎಷ್ಟೋ ಊರುಗಳ ಹಳೆಯ ಕೇರಿಗಳಿಗೆ ಹೊರಗಿನವರ ಕಾರು ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ; ದಂಡದ ಕಾಗದ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಇದೆಲ್ಲಕ್ಕಿಂತ ದೊಡ್ಡ ಮಾತು, ಸ್ಟೀರಿಂಗ್ ಹಿಡಿದವಳಿಗೆ ಸಮುದ್ರ ಕಾಣುವುದಿಲ್ಲ, ತಾಯಿಯ ಮುಖವೂ ಕಾಣುವುದಿಲ್ಲ.

ಹಾಗೆಂದು ಆ ರಸ್ತೆಯನ್ನು ಹಳಿಯುತ್ತಿದ್ದೇನೆ ಎಂದುಕೊಳ್ಳಬೇಡ. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಮಾಡಿಸುತ್ತಲೇ ನಿವೃತ್ತನಾದ ನನಗೆ ಆ ಸ್ಟೇಟ್ ರೋಡ್ 163ನ್ನು ಕಂಡಾಗ ಕೈ ಮುಗಿಯಬೇಕೆನಿಸಿತ್ತು. ಡೈನಮೈಟ್ ಇನ್ನೂ ಹುಟ್ಟಿರದ 19ನೆಯ ಶತಮಾನದ ಮೊದಲರ್ಧದಲ್ಲಿ, ನೇಪಲ್ಸ್ ಆಳುತ್ತಿದ್ದ ಬೂರ್ಬೋನ್ ಮನೆತನದ ದೊರೆಗಳ ಕಾಲದಲ್ಲಿ, ಕಡಿದಾದ ಸುಣ್ಣಕಲ್ಲಿನ ಬೆಟ್ಟಕ್ಕೆ ಅಂಟಿಸಿದಂತೆ ಅದನ್ನು ಕಡಿದರು. ಅದಕ್ಕೆ ಮೊದಲು ಆ ಊರುಗಳಿಗಿದ್ದದ್ದು ಹೇಸರಗತ್ತೆಯ ಕಾಲುದಾರಿ ಮತ್ತು ಸಮುದ್ರ. ಇಂದಿಗೂ ಕೆಲವು ತಿರುವುಗಳಲ್ಲಿ ಎರಡು ಬಸ್ಸು ಎದುರಾದರೆ ಒಂದು ಹಿಂದೆ ಸರಿಯಲೇಬೇಕು. ಅಲ್ಲಿನ ಸೀತಾ ಎಂಬ ಕಂಪನಿಯ ಬಸ್ಸಿನ ಚಾಲಕರು ಕನ್ನಡಿ ಮಡಚಿಕೊಳ್ಳುವಷ್ಟು ಹತ್ತಿರದಲ್ಲಿ ದಾಟಿಸುತ್ತಾರೆ. ನೋಡುವುದಕ್ಕೆ ಅದ್ಭುತ. ಆದರೆ ಸೊರೆಂಟೊದಿಂದ ಅಮಾಲ್ಫಿಗೆ ಸುಮಾರು ಒಂದೂಮುಕ್ಕಾಲು ಗಂಟೆ ಹಾಗೆಯೇ ಓಲಾಡಬೇಕು, ಸೀಟು ಸಿಗದಿದ್ದರೆ ನಿಂತು. ಇದು ಅಕ್ಕನಿಗೆ ಆಗುವ ಮಾತಲ್ಲ.

ಸೊರೆಂಟೊದ ರೈಲು ವೆಸುವಿಯಸ್ ಬೆಟ್ಟದ ಬುಡ ಸುತ್ತಿಕೊಂಡು ಹೋಗುತ್ತದೆ. 950 ಮಿಲಿಮೀಟರಿನ ಕಿರಿದಾದ ಹಳಿ. ಗಂಟೆಗೂ ಸ್ವಲ್ಪ ಹೆಚ್ಚಿನ ಪ್ರಯಾಣ, ಟಿಕೆಟ್ ಬಹಳ ಅಗ್ಗ. ಪಾಂಪೇಯಿ ನೋಡುವುದಿದ್ದರೆ ಅದೇ ಸರಿ, ಅವಶೇಷಗಳ ಬಾಗಿಲಿನ ಹತ್ತಿರವೇ ನಿಲ್ಲುತ್ತದೆ. ಆದರೆ ವಿಪರೀತ ಜನ, ಸೂಟ್‌ಕೇಸಿಗೆ ಜಾಗವಿಲ್ಲ, ಜೇಬುಗಳ್ಳರೂ ಇರುತ್ತಾರೆ. ಭಾವ ಪಾಸ್‌ಪೋರ್ಟನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಇಟ್ಟುಕೊಳ್ಳುವವರು.

ಉಳಿದದ್ದು ಸಲೆರ್ನೊ. ಜನ ನೇಪಲ್ಸ್‌ನಲ್ಲೇ ಇಳಿದುಬಿಡುತ್ತಾರೆ, ಆದರೆ ಮಿಲಾನಿನಿಂದ ಹೊರಡುವ ಕೆಲವು ವೇಗದ ರೈಲುಗಳು ನೇಪಲ್ಸ್ ದಾಟಿ ಸಲೆರ್ನೊವರೆಗೆ ಬರುತ್ತವೆ. ಫ್ರೆಚ್ಚಾರೊಸ್ಸಾ ಇದೆ, ಇತಾಲೊ ಇದೆ. ಐದಾರು ಗಂಟೆ ಕೂತೇ ಬರಬಹುದು, ಬೇಕೆಂದಾಗ ಎದ್ದು ಓಡಾಡಬಹುದು, ಶೌಚಾಲಯ ಹತ್ತಿರವೇ ಇರುತ್ತದೆ. ವಿಮಾನ ಒಂದೂಕಾಲು ಗಂಟೆಯದು ಎಂದು ನೀನು ಬರೆದಿದ್ದೀಯ. ಮನೆಯಿಂದ ವಿಮಾನ ನಿಲ್ದಾಣ, ತಪಾಸಣೆ, ಲಗೇಜಿಗೆ ಕಾಯುವುದು, ಅಲ್ಲಿಂದ ಮತ್ತೆ ಸ್ಟೇಷನ್ನಿಗೆ ಬಸ್ಸು, ಇವನ್ನು ಕೂಡಿಸಿ ನೋಡು, ಉಳಿಯುವುದು ಹೆಚ್ಚೇನಿಲ್ಲ. ಮಂಡಿ ನೋವಿನವರಿಗೆ ಪ್ರತಿ ಸಲ ಹತ್ತಿ ಇಳಿಯುವುದೂ ಒಂದು ಪ್ರಯಾಣವೇ.

ಸಲೆರ್ನೊ ಸ್ಟೇಷನ್ನಿನಿಂದ ಪಿಯಾತ್ಸಾ ದೆಲ್ಲಾ ಕೊಂಕೊರ್ದಿಯಾ ಎಂಬ ಚೌಕದ ಧಕ್ಕೆಗೆ ಕೆಲವೇ ನಿಮಿಷದ ಸಮತಟ್ಟು ದಾರಿ. ಮೋಲೊ ಮನ್‌ಫ್ರೆದಿ ಎಂಬ ಇನ್ನೊಂದು ಧಕ್ಕೆ ದೂರದಲ್ಲಿದೆ, ಹಾಗಾಗಿ ಬೋಟಿನ ಟಿಕೆಟ್ ತೆಗೆಯುವಾಗ ಯಾವ ಧಕ್ಕೆ ಎಂದು ನೋಡಿಕೋ. ಅಮಾಲ್ಫಿಗೆ 35 ನಿಮಿಷ. ಅಕ್ಕನನ್ನು ಕೆಳಗಿನ ಅಂತಸ್ತಿನಲ್ಲಿ ಮಧ್ಯಕ್ಕೆ ಕೂರಿಸು, ಅಲ್ಲಿ ತೂಗಾಟ ಕಡಿಮೆ. ದಡ ಬಲಗಡೆಗೆ ಬರುತ್ತದೆ. ಮೀನುಗಾರರ ಚೆತಾರ, ಆಮೇಲೆ ಮಾಯೋರಿ, ಮಿನೋರಿ, ನಡುನಡುವೆ ಕಲ್ಲುಕಟ್ಟೆಗಳ ಮೇಲೆ ನಿಂಬೆಯ ತೋಟಗಳು. ವೆನಿಸ್, ಜಿನೋವಾ, ಪೀಸಾ ಊರುಗಳ ಸಾಲಿನಲ್ಲಿ ನಿಂತು ಹಡಗಿನ ವ್ಯಾಪಾರದಿಂದ ಬದುಕಿದ ಗಣರಾಜ್ಯ ಅಮಾಲ್ಫಿ. ಇಟಲಿಯ ನೌಕಾಪಡೆಯ ಧ್ವಜದಲ್ಲಿ ಈ ನಾಲ್ಕೂ ಊರುಗಳ ಲಾಂಛನ ಈಗಲೂ ಇದೆ. 1343ರ ಸಮುದ್ರದ ಬಿರುಗಾಳಿ ಊರಿನ ಕೆಳಭಾಗವನ್ನೇ ಕೊಚ್ಚಿಕೊಂಡು ಹೋಯಿತು. ಆ ಊರು ಸಮುದ್ರಕ್ಕೆ ಮುಖ ಮಾಡಿ ಕೂತಿದೆ. ರಸ್ತೆಯಲ್ಲಿ ಹೋದವರಿಗೆ ಅದು ಪಕ್ಕೆಯಿಂದ ಕಾಣುತ್ತದೆ, ಬೋಟಿನಲ್ಲಿ ಹೋದವರಿಗೆ ಎದುರಾಗುತ್ತದೆ. ನನಗೆ ಬೋಟೇ ಸರಿ ಎನಿಸುವುದಕ್ಕೆ ಮಂಡಿಯಷ್ಟೇ ಇದೂ ಕಾರಣ.

ಕೋಣೆಯನ್ನು ಅಮಾಲ್ಫಿಯಲ್ಲೇ ಹಿಡಿ. ಪೊಸಿತಾನೊ ಚಿತ್ರದಲ್ಲಿ ಸುಂದರ, ಕಾಲಿಗೆ ಬರೀ ಮೆಟ್ಟಿಲು; ಬೋಟಿನಲ್ಲಿ ಹೋಗಿ ಸಂಜೆಗೆ ಬಂದುಬಿಡಿ. ಭಾವನಿಗೆ ಬಸ್ಸಿನ ಆಸೆಯಿದ್ದರೆ ರವೆಲ್ಲೊಗೆ ಹತ್ತಿಸು, ಅರ್ಧ ಗಂಟೆಯೊಳಗಿನ ಏರುದಾರಿ, ಬಸ್ಸು ಧಕ್ಕೆಯ ಪಕ್ಕದ ಚೌಕದಿಂದಲೇ ಹೊರಡುತ್ತದೆ. ಟಿಕೆಟ್ಟನ್ನು ತಂಬಾಕಿನ ಅಂಗಡಿಯಲ್ಲಿ ಮೊದಲೇ ಕೊಂಡಿರು.

ಗಾಳಿ ಜೋರಾದರೆ ಬೋಟು ಬಿಡುವುದಿಲ್ಲ. ಆಗ ಸಲೆರ್ನೊದಿಂದ ಬಸ್ಸೇ ಗತಿ. ಒಂದೂಕಾಲು ಗಂಟೆಯ ದಾರಿ, ಮೊದಲು ಹತ್ತಿ ಅಕ್ಕನಿಗೆ ಮುಂದಿನ ಸೀಟು ಹಿಡಿ. ಹೊರಡುವ ವಾರ ರೈಲು ಮುಷ್ಕರ ಇದೆಯೇ ಎಂದೂ ವಿಚಾರಿಸು, ಅಲ್ಲಿ ಅದನ್ನು ಮೊದಲೇ ಸಾರಿರುತ್ತಾರೆ.

ವೇಗದ ರೈಲಿನ ದರ ದಿನ ಹತ್ತಿರವಾದಂತೆ ಏರುತ್ತದೆ. ಅದಕ್ಕೇ ಈ ಪತ್ರ ಕೈಸೇರಿದ ದಿನವೇ ಸಲೆರ್ನೊಗೆ ಮೂರು ಟಿಕೆಟ್ ತೆಗೆದುಬಿಡು. ಹಣ ಕಡಿಮೆ ಬಿದ್ದರೆ ಸಂಕೋಚ ಬೇಡ, ನನಗೆ ಹೇಳು.

ಇಂತಿ,
ನಿನ್ನ ಮಾವ