ಶ್ರವಣಾತೀತ ಧ್ವನಿಯೂ ಮನೆಯ ಒಡವೆಗಳೂ

ಒಡವೆಯೆಂಬುದು ನಮ್ಮ ಮನೆಗಳಲ್ಲಿ ಕೇವಲ ಅಲಂಕಾರದ ವಸ್ತುವಲ್ಲ. ಊರನ್ನು ಬಿಟ್ಟು ಮುಂಬಯಿಗೆ ಬಂದು ನೆಲಸಿದ ಎಷ್ಟೋ ಕನ್ನಡ ಕುಟುಂಬಗಳ ಹೊಲ, ಮನೆ, ಹಿತ್ತಿಲುಗಳು ಊರಿನಲ್ಲಿಯೇ ಉಳಿದವು; ತಾಯಿಯ ಕರಿಮಣಿ ಸರ, ಅಜ್ಜಿಯ ಕೆಂಪಿನ ಓಲೆ, ಒಂದೆಳೆ ಹವಳ, ಇವು ಮಾತ್ರ ಜೊತೆಯಲ್ಲಿ ಬಂದವು. ಮದುವೆಗೆ ತೊಡುವುದು ಅವನ್ನೇ. ಕಷ್ಟ ಬಂದಾಗ ಒತ್ತೆಯಿಡುವುದೂ ಅವನ್ನೇ. ಆದುದರಿಂದ ಒಡವೆಯನ್ನು ತೊಳೆಯುವುದು ಪಾತ್ರೆ ತೊಳೆದಷ್ಟು ಹಗುರವಾದ ಕೆಲಸವಲ್ಲ.

ನಮ್ಮ ಹಿರಿಯರು ಅಂಟುವಾಳದ ಕಾಯಿಯನ್ನು ನೆನೆಯಿಟ್ಟು, ಅದರ ನೊರೆಯಲ್ಲಿ ಒಡವೆಯನ್ನು ಮೆಲ್ಲಗೆ ಉಜ್ಜಿ ತೊಳೆಯುತ್ತಿದ್ದರು. ಈಗ ಧ್ವನಿಯಿಂದ ತೊಳೆಯುವ ಯಂತ್ರವೊಂದು ಬಂದಿದೆ. ಮುಂಬಾದೇವಿಯ ಗುಡಿಯ ಬಳಿಯ ಝವೇರಿ ಬಜಾರಿನ ಕುಶಲಕರ್ಮಿಗಳೂ, ಅಂಧೇರಿಯ ಸೀಪ್ಝ್ ವಲಯದ ಒಡವೆ ಕಾರ್ಖಾನೆಗಳೂ ಮೆರುಗು ಕೊಟ್ಟ ಮೇಲೆ ಅಂಟಿಕೊಂಡಿರುವ ಮಸಿಯನ್ನು ಬಿಡಿಸಲು ಇದನ್ನು ಬಳಸುತ್ತಾರೆ. ಊಟದ ಡಬ್ಬಿಗಿಂತ ತುಸು ದೊಡ್ಡದಾದ ಇದೇ ಯಂತ್ರ ಈಗ ಮನೆಬಳಕೆಗೂ ದೊರೆಯುತ್ತಿದೆ. ಅದು ಹೇಗೆ ಕೆಲಸ ಮಾಡುವುದು, ಅದಕ್ಕೆ ಯಾವುದನ್ನು ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಕೊಳೆ ಎಲ್ಲಿರುವುದು?

ಚೊಕ್ಕ ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ನಾವು ತೊಡುವ 22 ಕ್ಯಾರೆಟ್ ಒಡವೆಯಲ್ಲಿ 24 ಪಾಲಿಗೆ 22 ಪಾಲು ಚಿನ್ನ. ಉಳಿದುದು ತಾಮ್ರ, ಬೆಳ್ಳಿ ಮುಂತಾದುವು. ಹೀಗಿದ್ದರೂ ಒಡವೆ ಮಂಕಾಗುವುದು ಹೆಚ್ಚಾಗಿ ಹೊರಗಿನ ಕೊಳೆಯಿಂದಲೇ. ಚರ್ಮದ ಜಿಡ್ಡು, ಬೆವರಿನ ಉಪ್ಪು, ಸಾಬೂನಿನ ಕಿಟ್ಟ, ಮುಖಕ್ಕೆ ಹಚ್ಚುವ ಪುಡಿ, ಬೀದಿಯ ಧೂಳು ಇವೆಲ್ಲ ಸೇರಿ ಹರಳಿನ ಹಿಂಬದಿಯಲ್ಲಿಯೂ ಸರಪಣಿಯ ಸಂದುಗಳಲ್ಲಿಯೂ ಗಟ್ಟಿಯಾಗಿ ಕೂರುತ್ತವೆ. ಕಿಕ್ಕಿರಿದ ಲೋಕಲ್ ರೈಲಿನಲ್ಲಿ ದಿನವೂ ಓಡಾಡುವವರ ಬೆವರಿನ ಮಾತನ್ನು ಈ ನಗರದ ವಿದ್ಯಾರ್ಥಿಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಬಟ್ಟೆಯಾಗಲಿ ಕುಂಚವಾಗಲಿ ಹೋಗಲಾರದ ಸಂದಿಗೆ ನೀರು ಹೋಗಬಲ್ಲದು. ಆದರೆ ನಿಂತ ನೀರು ಉಜ್ಜಲಾರದು. ಸಂದಿನೊಳಗಣ ನೀರಿಗೇ ಉಜ್ಜುವ ಶಕ್ತಿಯನ್ನು ಕೊಡುವುದು ಈ ಯಂತ್ರದ ಉಪಾಯ.

ಕೇಳಿಸದ ಧ್ವನಿ

ಧ್ವನಿಯೆಂದರೆ ಕಂಪನವೆಂದು ನೀವು ಓದಿದ್ದೀರಿ. ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿ ಮಾತ್ರ ಮನುಷ್ಯನ ಕಿವಿಗೆ ಕೇಳಿಸುತ್ತದೆ. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. ಮನೆಬಳಕೆಯ ಯಂತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 40,000 ಕಂಪನಗಳ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಒಂದು ನಿಮಿಷಕ್ಕೆ 24 ಲಕ್ಷ ಕಂಪನಗಳು!

ಇಷ್ಟು ವೇಗದ ಕಂಪನವನ್ನು ಹುಟ್ಟಿಸುವುದು ಹೇಗೆ? 1880ರಲ್ಲಿ ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಜಾಕ್ ಕ್ಯೂರಿ ಎಂಬ ಸೋದರರು ಸ್ಫಟಿಕ ಮೊದಲಾದ ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ತು ತೋರುವುದನ್ನು ಕಂಡುಹಿಡಿದರು. ಇದರ ವಿಲೋಮವೂ ನಿಜವೆಂದು ಮರುವರ್ಷ ಗೊತ್ತಾಯಿತು; ಅಂದರೆ ವಿದ್ಯುತ್ತನ್ನು ಹಾಯಿಸಿದರೆ ಆ ಹರಳು ಹಿಗ್ಗಿ ಕುಗ್ಗುವುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರ ಹೊತ್ತಿಗೆ, ಪಾಲ್ ಲಾಂಜೆವಿನ್ ಎಂಬ ವಿಜ್ಞಾನಿಯು ಸಮುದ್ರದೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಸ್ಫಟಿಕದ ಹಲ್ಲೆಗಳಿಂದ ಶ್ರವಣಾತೀತ ಧ್ವನಿಯನ್ನು ನೀರಿಗೆ ಬಿಟ್ಟನು. ಆ ಧ್ವನಿಯ ದಾರಿಯಲ್ಲಿ ಸಿಕ್ಕಿದ ಸಣ್ಣ ಮೀನುಗಳು ಸತ್ತುದನ್ನು ಅವನು ಕಂಡನು. ಕಿವಿಗೆ ಕೇಳಿಸದುದು ದುರ್ಬಲವೆಂದು ತಿಳಿಯಬಾರದೆಂಬುದಕ್ಕೆ ಇಷ್ಟೇ ಸಾಕು.

ಇಂದಿನ ಯಂತ್ರದಲ್ಲಿ ಸ್ಫಟಿಕದ ಬದಲು ಪಿಂಗಾಣಿಯಂತಹ ಒಂದು ಬಿಲ್ಲೆಯಿದೆ. ಅದನ್ನು ಉಕ್ಕಿನ ಪುಟ್ಟ ತೊಟ್ಟಿಯ ಅಡಿಗೆ ಅಂಟಿಸಿರುತ್ತಾರೆ. ವಿದ್ಯುತ್ತು ಹರಿದಾಗ ಬಿಲ್ಲೆ ನಡುಗುತ್ತದೆ. ಅದರೊಡನೆ ತೊಟ್ಟಿಯ ತಳವೂ, ತಳದೊಡನೆ ನೀರೂ ನಡುಗುತ್ತವೆ.

ಗುಳ್ಳೆಯ ಏಟು

ಧ್ವನಿತರಂಗವು ನೀರನ್ನು ಒಮ್ಮೆ ಒತ್ತುತ್ತದೆ, ಒಮ್ಮೆ ಎಳೆಯುತ್ತದೆ. ಎಳೆತವು ಬಲವಾದಾಗ ನೀರು ಅಲ್ಲಲ್ಲಿ ಬಿರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಪೊಳ್ಳುಗಳು ಹುಟ್ಟುತ್ತವೆ. ಮರುಕ್ಷಣವೇ ಒತ್ತಡ ಬಂದು ಆ ಪೊಳ್ಳುಗಳು ಕುಸಿಯುತ್ತವೆ. ಕುಸಿಯುವಾಗ ಸುತ್ತಲಿನ ನೀರು ಒಳನುಗ್ಗಿ, ಹತ್ತಿರದಲ್ಲಿರುವ ವಸ್ತುವಿನ ಮೈಗೆ ಸೂಜಿಮೊನೆಯಂತಹ ಧಾರೆಯಾಗಿ ಬಡಿಯುತ್ತದೆ. ಇಂತಹ ಲೆಕ್ಕವಿಲ್ಲದ ಏಟುಗಳು ಸೇರಿ ಕೊಳೆಯನ್ನು ಕಿತ್ತೊಗೆಯುತ್ತವೆ.

ಭಾವುಚಾ ಧಕ್ಕೆಯಲ್ಲಿ ದೋಣಿ, ಹಡಗುಗಳನ್ನು ನೀವು ನೋಡಿರಬಹುದು. ಹಡಗಿನ ಹಿಂಬದಿಯಲ್ಲಿ ನೀರನ್ನು ತಳ್ಳುವ ಲೋಹದ ರೆಕ್ಕೆಗಳು ಅತಿವೇಗದಲ್ಲಿ ತಿರುಗಿದಾಗಲೂ ಇಂತಹ ಪೊಳ್ಳುಗಳೇ ಹುಟ್ಟಿ ಕುಸಿದು, ಆ ಗಟ್ಟಿ ಲೋಹವನ್ನು ಗುಳಿಗುಳಿಯಾಗಿ ಕೊರೆಯುತ್ತವೆ. ನೀರಿನೊಳಗಣ ಪೊಳ್ಳು ಕುಸಿದಾಗ ಎಷ್ಟು ಅಗಾಧವಾದ ಒತ್ತಡ ಉಂಟಾಗಬಹುದೆಂದು ಲಾರ್ಡ್ ರೇಲಿ ಎಂಬ ಆಂಗ್ಲ ವಿಜ್ಞಾನಿ 1917ರಲ್ಲಿ ಗಣಿತದಿಂದ ತೋರಿಸಿದನು. ಹಡಗಿನ ರೆಕ್ಕೆಯನ್ನು ಕೆಡಿಸುವುದೂ ಒಡವೆಯನ್ನು ಬೆಳಗಿಸುವುದೂ ಒಂದೇ ಶಕ್ತಿ. ಯಾವುದನ್ನು ಎಲ್ಲಿ, ಎಷ್ಟು ಹೊತ್ತು ಇಡುತ್ತೇವೆಂಬುದರಿಂದ ಉಪಕಾರವೋ ಅಪಕಾರವೋ ಆಗುತ್ತದೆ.

ಯಂತ್ರಕ್ಕೆ ತಿಳಿಯದ ಸಂಗತಿ

ಈ ಪಾಠದ ಮುಖ್ಯವಾದ ಮಾತು ಇಲ್ಲಿದೆ. ಧ್ವನಿಯು ಅಂಟಿಕೊಂಡುದನ್ನು ಸಡಿಲಿಸುತ್ತದೆ. ಆದರೆ ಕೊಳೆಯಾಗಿ ಅಂಟಿಕೊಂಡುದು ಯಾವುದು, ಆಧಾರವಾಗಿ ಅಂಟಿಸಿದುದು ಯಾವುದು ಎಂಬ ವಿವೇಕ ಅದಕ್ಕಿಲ್ಲ. ಆ ವಿವೇಕ ತೊಳೆಯುವವನಲ್ಲಿರಬೇಕು.

ನಮ್ಮ ಹಳೆಯ ಒಡವೆಗಳಲ್ಲಿ ಅನೇಕವು ಅರಗಿನ ಮೇಲೆ ನಿಂತಿವೆ. ಟೊಳ್ಳಾದ ಚಿನ್ನದ ಗುಂಡಿನೊಳಗೆ ಅರಗು ತುಂಬಿರುತ್ತದೆ. ಕುಂದಣದ ಪದಕದಲ್ಲಿಯೂ ಹಿಂಬದಿ ಮುಚ್ಚಿದ ಕೆಂಪಿನ ಓಲೆಯಲ್ಲಿಯೂ ಹರಳಿನ ಕೆಳಗೆ ಅರಗು, ಅದರ ಮೇಲೆ ಹೊಳಪಿನ ತೆಳುವಾದ ತಗಡು ಇರುವುದುಂಟು. ಬಿಸಿನೀರಿಗೆ ಅರಗು ಮೆದುವಾಗುತ್ತದೆ. ನಡುಕಕ್ಕೆ ಹರಳು ಸಡಿಲವಾಗುತ್ತದೆ. ತಗಡಿನ ಹಿಂದೆ ನೀರು ಸೇರಿದರೆ ಹರಳಿನ ಕಾಂತಿಯೇ ಆರಿಹೋಗುತ್ತದೆ. ಆದುದರಿಂದ ಇಂತಹ ಒಡವೆಗಳನ್ನು ಯಂತ್ರಕ್ಕೆ ಎಂದಿಗೂ ಹಾಕಬಾರದು.

ಮುತ್ತು ಮತ್ತು ಹವಳ ಸಮುದ್ರದ ಜೀವಿಗಳಿಂದ ಹುಟ್ಟಿದ ಮೃದುವಾದ ಪದಾರ್ಥಗಳು. ಮುತ್ತು ತೆಳುವಾದ ಪದರ ಪದರಗಳಿಂದಾದುದು. ಅದನ್ನು ಪೋಣಿಸಿದ ದಾರವೂ ನೆನೆದು ಸಡಿಲವಾಗುವುದು. ನೀಲಿಹಸಿರು ಬಣ್ಣದ ಪಿರೋಜವು ನೀರನ್ನು ಹೀರುವ ಕಲ್ಲು. ಓಪಲ್ ಎಂಬ ಕಲ್ಲು ತನ್ನೊಳಗೇ ನೀರನ್ನು ಹಿಡಿದುಕೊಂಡಿರುವಂತಹುದು. ಇವುಗಳಿಗೂ ಯಂತ್ರ ಸಲ್ಲದು.

ಹಾಗಾದರೆ ಗಟ್ಟಿಯಾದ ಕಲ್ಲುಗಳಿಗೆ ಭಯವಿಲ್ಲವೇ ಎಂದು ನೀವು ಕೇಳಬಹುದು. ಪಚ್ಚೆಯ ಉದಾಹರಣೆಯನ್ನು ನೋಡಿರಿ. ಅದು ಗಾಜಿಗಿಂತ ಗಟ್ಟಿ. ಆದರೆ ಅದರೊಳಗೆ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ. ಅವು ಕಾಣದಿರಲೆಂದು ವ್ಯಾಪಾರಿಗಳು ಎಣ್ಣೆಯನ್ನು ಊಡಿಸುವುದು ರೂಢಿ. ಯಂತ್ರವು ಆ ಎಣ್ಣೆಯನ್ನು ಕೊಳೆಯೆಂದೇ ಭಾವಿಸಿ ಹೊರಹಾಕುತ್ತದೆ. ಬಿರುಕುಗಳು ಎದ್ದು ಕಾಣುತ್ತವೆ, ಹೆಚ್ಚಲೂಬಹುದು. ಬಿರುಕಿಗೆ ಗಾಜು ತುಂಬಿದ ಮಾಣಿಕ್ಯಗಳಿಗೂ ಇದೇ ಅಪಾಯ. ಆದುದರಿಂದ ಕಲ್ಲು ಎಷ್ಟು ಗಟ್ಟಿ ಎಂಬ ಪ್ರಶ್ನೆಯೊಂದೇ ಸಾಲದು. ಅದು ಅಖಂಡವಾಗಿದೆಯೇ, ಅದನ್ನು ಹಿಡಿದಿರುವುದು ಯಾವುದು ಎಂಬುದನ್ನೂ ಕೇಳಬೇಕು. ಗಿಲೀಟಿನ ಒಡವೆಗಳನ್ನೂ, ಗೋಂದಿನಿಂದ ಹರಳು ಕೂರಿಸಿದವುಗಳನ್ನೂ ಹಾಕಬಾರದು.

ಹಾಗಾದರೆ ಹಾಕತಕ್ಕವು ಯಾವುವು? ಹರಳಿಲ್ಲದ ಗಟ್ಟಿ ಚಿನ್ನದ ಬಳೆ, ಉಂಗುರ, ಸರಪಣಿ; ಲೋಹದ ಕೊಕ್ಕೆಗಳಿಂದ ಭದ್ರವಾಗಿ ಹಿಡಿದ, ಬಿರುಕು ತುಂಬದ ವಜ್ರ. ಒಡವೆಗಳಲ್ಲದೆ ಗಡಿಯಾರದಿಂದ ಬೇರ್ಪಡಿಸಿದ ಲೋಹದ ಪಟ್ಟಿ, ಗಾಜು ತೆಗೆದ ಕನ್ನಡಕದ ಲೋಹದ ಚೌಕಟ್ಟು, ಶಾಯಿ ಒಣಗಿ ಕಟ್ಟಿಕೊಂಡ ಪೆನ್ನಿನ ಉಕ್ಕಿನ ನಿಬ್ಬು, ಎಣ್ಣೆ ನೂಲುಗಳಿಂದ ತುಂಬಿದ ಹೊಲಿಗೆ ಯಂತ್ರದ ಬಾಬಿನ್ ಡಬ್ಬಿ, ಇವನ್ನೂ ತೊಳೆಯಬಹುದು. ಬಾಬಿನ್ ಡಬ್ಬಿಯನ್ನು ತೊಳೆದ ಕೂಡಲೆ ಚೆನ್ನಾಗಿ ಒಣಗಿಸಿ ಎಣ್ಣೆ ಬಿಡಬೇಕು. ಇಲ್ಲವಾದರೆ ಮುಂಬಯಿಯ ಮಳೆಗಾಲದ ತೇವಕ್ಕೆ ಬೇಗನೆ ತುಕ್ಕು ಹಿಡಿಯುವುದು.

ತೊಳೆಯುವ ಕ್ರಮ

ಈ ಕೆಲಸವನ್ನು ಹಿರಿಯರ ಎದುರಿನಲ್ಲಿಯೇ ಮಾಡತಕ್ಕದ್ದು.

1. ಮೊದಲು ಒಡವೆಯನ್ನು ಬೆಳಕಿನಲ್ಲಿ ಪರೀಕ್ಷಿಸಿರಿ. ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿರಿ. ಹರಳು ಅಲುಗಿ ಸದ್ದು ಮಾಡಿದರೆ ಅದನ್ನು ಅಕ್ಕಸಾಲಿಗನಿಗೆ ತೋರಿಸಬೇಕು, ತೊಳೆಯಬಾರದು.

2. ತೊಟ್ಟಿಯಲ್ಲಿ ಗುರುತಿನವರೆಗೆ ಉಗುರುಬೆಚ್ಚನೆಯ ನೀರು ತುಂಬಿ, ಪಾತ್ರೆ ತೊಳೆಯುವ ದ್ರವಸಾಬೂನಿನ ಕೆಲವೇ ಹನಿಗಳನ್ನು ಹಾಕಿರಿ. ನೀರಿಲ್ಲದೆ ಯಂತ್ರವನ್ನು ನಡೆಸಬಾರದು. ಪೆಟ್ರೋಲು, ಸ್ಪಿರಿಟು ಮುಂತಾದ ಹೊತ್ತಿಕೊಳ್ಳುವ ದ್ರವಗಳನ್ನು ಎಂದಿಗೂ ಹಾಕಬಾರದು.

3. ಐದು ನಿಮಿಷ ಬರಿಯ ನೀರನ್ನೇ ನಡುಗಿಸಿರಿ. ನಲ್ಲಿಯ ನೀರಿನಲ್ಲಿ ಗಾಳಿ ಕರಗಿರುತ್ತದೆ. ಅದು ಮೆತ್ತೆಯಂತೆ ನಡುವೆ ಬಂದು ಗುಳ್ಳೆಯ ಏಟನ್ನು ತಗ್ಗಿಸುತ್ತದೆ. ಆ ಗಾಳಿ ಹೊರಬಿದ್ದ ಮೇಲೆ ಕೆಲಸ ಚುರುಕಾಗುವುದು.

4. ಒಡವೆಯನ್ನು ಜಾಲರಿಯ ಬುಟ್ಟಿಯಲ್ಲಿ ಇಳಿಬಿಡಿರಿ, ತಳಕ್ಕೆ ತಾಗಬಾರದು. ಒಂದಕ್ಕೊಂದು ಉಜ್ಜದಂತೆ ಬಿಡಿಬಿಡಿಯಾಗಿಡಿರಿ. ಒಂದೆರಡು ನಿಮಿಷ ಸಾಕು. ನಡೆಯುವಾಗ ನೀರಿಗೆ ಬೆರಳಿಡಬಾರದು.

5. ಯಂತ್ರ ನಿಲ್ಲಿಸಿ, ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೇ ಒಡವೆಯನ್ನು ತೆಗೆಯಿರಿ. ಅದನ್ನು ಮೋರಿಯಲ್ಲಿ ನಲ್ಲಿಯ ಕೆಳಗೆ ಹಿಡಿಯದೆ, ಬಟ್ಟಲಿನ ಶುದ್ಧ ನೀರಿನಲ್ಲಿ ಅದ್ದಿ, ಮೆದುವಾದ ಬಟ್ಟೆಯಿಂದ ಒರಸಿರಿ.

6. ತೊಟ್ಟಿಯ ನೀರನ್ನು ಬಿಳಿಯ ಬಟ್ಟೆಯಲ್ಲಿ ಸೋಸದೆ ಚೆಲ್ಲಬಾರದು. ಸಡಿಲವಾಗಿದ್ದ ಹರಳು ಬಿದ್ದಿದ್ದರೆ ಬಟ್ಟೆಯ ಮೇಲೆ ಸಿಗುತ್ತದೆ. ಝವೇರಿ ಬಜಾರಿನಲ್ಲಿ ಅಕ್ಕಸಾಲಿಗರ ಅಂಗಡಿಯ ಕಸವನ್ನೂ ತೊಳೆದ ನೀರನ್ನೂ ಸೋಸಿ ಚಿನ್ನದ ಕಣಗಳನ್ನು ಎತ್ತುವವರಿದ್ದಾರೆ. ಹೀಗೆ ಬದುಕುವವರಿಗೆ ಕನ್ನಡದಲ್ಲಿ ಜಲಗಾರರೆಂದು ಹೆಸರು. ಅವರ ಎಚ್ಚರಿಕೆ ನಮಗೂ ಇರಲಿ.

ಒಂದು ಪ್ರಯೋಗ

ಕೊಂಡ ಯಂತ್ರವು ನಿಜವಾಗಿ ಶ್ರವಣಾತೀತವೋ, ಬರಿಯ ನಡುಗುವ ಡಬ್ಬಿಯೋ ಎಂದು ತಿಳಿಯುವ ಸುಲಭ ಪರೀಕ್ಷೆಯುಂಟು. ರೊಟ್ಟಿ ಸುತ್ತುವ ಅಲ್ಯೂಮಿನಿಯಮ್ ಹಾಳೆಯ ತುಂಡನ್ನು ನೀರಿನಲ್ಲಿ ನೆಟ್ಟಗೆ ತೂಗಬಿಟ್ಟು, ಮೇಲ್ತುದಿಯನ್ನು ಕಡ್ಡಿಗೆ ಸಿಕ್ಕಿಸಿ, ಒಂದು ನಿಮಿಷ ಯಂತ್ರ ನಡೆಸಿರಿ. ಹಾಳೆಯ ಮೇಲೆ ಸಣ್ಣ ಸಣ್ಣ ಗುಳಿಗಳೂ ತೂತುಗಳೂ ಮೂಡಿದರೆ ಯಂತ್ರ ನಿಜವಾದುದು.

ಆ ಗುಳಿಗಳು ಕೆಲವೊಮ್ಮೆ ಸಾಲುಸಾಲಾಗಿರುವುದನ್ನು ಕಾಣುವಿರಿ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,480 ಮೀಟರು. ಇದನ್ನು 40,000ದಿಂದ ಭಾಗಿಸಿದರೆ ತರಂಗದ ಉದ್ದ 3.7 ಸೆಂಟಿಮೀಟರು, ಅದರ ಅರ್ಧಕ್ಕೊಮ್ಮೆ, ಅಂದರೆ ಸುಮಾರು 1.85 ಸೆಂಟಿಮೀಟರಿಗೊಮ್ಮೆ, ಏಟು ಬಲವಾಗಿರುವ ಪದರ ಬರುತ್ತದೆ. ಅಳತೆಪಟ್ಟಿಯಿಂದ ಅಳೆದು ನೋಡಿರಿ. ಧ್ವನಿಯು ದ್ರವದಲ್ಲಿ ಹೀಗೆ ದಟ್ಟ, ವಿರಳ ಪದರಗಳನ್ನು ಕಟ್ಟುವುದರಿಂದ, ಅದರ ಮೂಲಕ ಹಾಯುವ ಬೆಳಕು ಹಲವು ಕವಲಾಗಿ ಒಡೆಯುತ್ತದೆ. ಇದರ ಕಾರಣವನ್ನು ಗಣಿತದಿಂದ ವಿವರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸರ್ ಸಿ. ವಿ. ರಾಮನ್ ಅವರು ಮತ್ತು ನಾಗೇಂದ್ರನಾಥ್ ಅವರು. ಅವರ ಲೇಖನಗಳು 1935 ಮತ್ತು 1936ರಲ್ಲಿ ಪ್ರಕಟವಾದವು. ಅಡಿಗೆಮನೆಯ ಹಾಳೆಯ ತುಂಡಿನಲ್ಲಿ ನೀವು ಅಳೆಯುವ ಪದರಗಳೂ ಅವರು ಲೆಕ್ಕಹಾಕಿದ ಪದರಗಳೂ ಒಂದೇ ಜಾತಿಯವು.

ಕಡೆಯ ಮಾತು

ಮನೆಯಲ್ಲಿಯೇ ತೊಳೆಯಲು ಕಲಿತರೆ ಇನ್ನೊಂದು ಲಾಭವಿದೆ. ಒಡವೆಗೆ ಮೆರುಗು ಕೊಡುತ್ತೇವೆಂದು ಬಾಗಿಲಿಗೆ ಬರುವ ಮೋಸಗಾರರು, ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಅದನ್ನು ಅದ್ದಿ, ಚಿನ್ನದ ಒಂದಂಶವನ್ನು ಕರಗಿಸಿಕೊಂಡು ಹೋಗುವುದುಂಟು. ಒಡವೆ ಹೊಳೆಯುತ್ತದೆ, ತೂಕ ಇಳಿದಿರುತ್ತದೆ. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಅಜ್ಜಿಯೊಬ್ಬರೇ ಇರುವಾಗ ಬರುವವರು ಇವರು. ಅಪರಿಚಿತರ ಕೈಗೆ ಒಡವೆಯನ್ನು ಕೊಡಬಾರದೆಂದು ಮನೆಯವರಿಗೆ ತಿಳಿಸಿರಿ.

ಯಂತ್ರವಿಲ್ಲದ ಮನೆಯವರು ಕೊರಗಬೇಕಾಗಿಲ್ಲ. ಸಾಬೂನಿನ ಉಗುರುಬೆಚ್ಚನೆಯ ನೀರು, ಮೆದುವಾದ ಕುಂಚ, ಸ್ವಲ್ಪ ತಾಳ್ಮೆ ಇವು ನಿತ್ಯದ ಒಡವೆಗೆ ಸಾಕು. ಮುತ್ತು ಹವಳಗಳಿಗಂತೂ ಒದ್ದೆ ಬಟ್ಟೆಯೇ ಒಳ್ಳೆಯದು. ಆದರೆ ಯಂತ್ರವಿರಲಿ ಇಲ್ಲದಿರಲಿ, ಈ ರಜೆಯಲ್ಲಿ ಒಂದು ಕೆಲಸವನ್ನು ಮಾಡಿರಿ. ತಾಯಿಯ ಅಥವಾ ಅಜ್ಜಿಯ ಬಳಿ ಕುಳಿತು ಒಂದೊಂದು ಒಡವೆಯ ವಿಚಾರವಾಗಿ ಕೇಳಿರಿ: ಇದರ ಹೆಸರೇನು? ಯಾವ ಊರಿನಲ್ಲಿ ಮಾಡಿಸಿದುದು? ಒಳಗೆ ಅರಗುಂಟೋ? ಕಲ್ಲು ಯಾವುದು, ಅದನ್ನು ಹಿಡಿದಿರುವುದು ಕೊಕ್ಕೆಯೋ, ಗೋಂದೋ, ಕುಂದಣವೋ? ಉತ್ತರಗಳನ್ನು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿರಿ. ಬೆಂಡೋಲೆ, ಬುಗುಡಿ, ಅಡ್ಡಿಕೆ ಎಂಬ ಹೆಸರುಗಳನ್ನು ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಆ ಪಟ್ಟಿ ಸಿದ್ಧವಾಗಬೇಕು. ಒಡವೆಯನ್ನು ಅರಿತ ಮೇಲೆ ಅದನ್ನು ತೊಳೆಯುವ ಬಗೆ ತಾನಾಗಿಯೇ ತಿಳಿಯುವುದು.